ವ್ಯಾಯಾಮದ ಆಟ ಮೂಲೆ ಸೇರದಿರಲಿ

"ನಾಳೆಯಿಂದ ಖಂಡಿತ ವ್ಯಾಯಾಮ ಮಾಡುತ್ತೇನೆ." ಈ ಮಾತನ್ನು ನೀವು ಎಷ್ಟು ಸಲ ಹೇಳಿರಬಹುದು? ಬೆಳಗ್ಗೆ ಮಕ್ಕಳ ಬುತ್ತಿ, ಮಧ್ಯಾಹ್ನದ ಅಡುಗೆ, ಸಂಜೆ ಬರುವ ಅತಿಥಿಗಳು. ಕೊಲ್ಲಿ ರಾಷ್ಟ್ರಗಳ ಫ್ಲ್ಯಾಟುಗಳಲ್ಲಿರುವ ಸಹೋದರಿಯರಿಗಂತೂ ಬೇಸಿಗೆಯಲ್ಲಿ ಹೊರಗೆ ನಡೆಯುವುದೇ ಕಷ್ಟ. ಮನೆಗೆಲಸವೇ ಸಾಕಷ್ಟು ವ್ಯಾಯಾಮವೆಂದು ನಾನೂ ನಂಬಿದ್ದೆ. ಎರಡು ಮಹಡಿ ಹತ್ತಿ ತರಗತಿಗೆ ಹೋದವಳು ಏದುಸಿರಿನಿಂದ ಮಾತು ಹೊರಡದೆ ಮಕ್ಕಳ ಮುಂದೆ ನಿಂತ ದಿನ ಆ ನಂಬಿಕೆ ಕಳಚಿತು.

ಮನೆಯೊಳಗೇ, ಟಿ.ವಿ.ಯ ಮುಂದೆ ಆಡುತ್ತಾ ಮೈ ದಂಡಿಸುವ ವೀಡಿಯೊ ಗೇಮ್‌ಗಳಿವೆ. ಜಪಾನಿನ ನಿಂಟೆಂಡೊ ಕಂಪೆನಿ 2007ರಲ್ಲಿ 'ವೀ ಫಿಟ್' ಹೊರತಂದಿತು. ತೂಕದ ಯಂತ್ರದಂತಹ ಹಲಗೆಯ ಮೇಲೆ ನಿಂತು ಆಡುವ ಆಟವದು. ಕಂಪೆನಿಯ ವಿನ್ಯಾಸಕ ಶಿಗೆರು ಮಿಯಾಮೊಟೊ ಮನೆಯಲ್ಲಿ ದಿನವೂ ತೂಕ ನೋಡುತ್ತಿದ್ದರು. ಆ ಅಭ್ಯಾಸವೇ ಆಟಕ್ಕೆ ಪ್ರೇರಣೆಯಾಯಿತು. 2019ರಲ್ಲಿ 'ರಿಂಗ್ ಫಿಟ್ ಅಡ್ವೆಂಚರ್' ಬಂತು. ಕೈಯಲ್ಲಿ ಒತ್ತಿ ಎಳೆಯಲು ದೊಡ್ಡ ಬಳೆಯಂತಹ ಚಕ್ರ, ತೊಡೆಗೊಂದು ಪಟ್ಟಿ. ನೀವು ನಿಂತಲ್ಲೇ ಓಡಿದರೆ ಪರದೆಯ ಮೇಲಿನ ಪಾತ್ರವೂ ಓಡುತ್ತದೆ. ನೀವು ಬಸ್ಕಿ ಹೊಡೆದರೆ ಅದು ಶತ್ರುವನ್ನು ಹೊಡೆಯುತ್ತದೆ.

ಆದರೆ ಮೊದಲ ವಾರದ ಉತ್ಸಾಹ ಎರಡನೇ ತಿಂಗಳಿನಲ್ಲಿ ಉಳಿಯುವುದಿಲ್ಲ. ಹೊಸತು ಹಳತಾಗುತ್ತದೆ, ಹಲಗೆ ಮಂಚದಡಿ ಸೇರುತ್ತದೆ. ಯಂತ್ರ ಆಸೆ ಹುಟ್ಟಿಸಬಲ್ಲದು. ಅಭ್ಯಾಸವನ್ನು ನಾವೇ ಕಟ್ಟಿಕೊಳ್ಳಬೇಕು.

ಮೊದಲಾಗಿ, ದಿನದ ಯಾವುದಾದರೊಂದು ಕೆಲಸಕ್ಕೆ ಆಟವನ್ನು ಜೋಡಿಸಿ. ಮಕ್ಕಳು ಶಾಲೆಗೆ ಹೊರಟೊಡನೆ ಎಂದಾದರೆ ದಿನವೂ ಅದೇ ಹೊತ್ತು. ಸಲಕರಣೆ ಕಣ್ಣೆದುರೇ ಇರಲಿ.

ಎರಡನೆಯದಾಗಿ, ಹತ್ತು ನಿಮಿಷದಿಂದ ಆರಂಭಿಸಿ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಸ್ವಲ್ಪ ಮಾಡಿದರೂ ಏನೂ ಮಾಡದಿರುವುದಕ್ಕಿಂತ ಒಳ್ಳೆಯದೆಂದೂ ಹೇಳಿದೆ. ರಿಂಗ್ ಫಿಟ್ ನೀವು ನಿಜವಾಗಿ ಮೈ ಆಡಿಸಿದ ಸಮಯವನ್ನಷ್ಟೇ ಎಣಿಸುತ್ತದೆ. ಅರ್ಧ ಗಂಟೆ ಆಡಿದ ಬಳಿಕ ಆ ಲೆಕ್ಕ ಕಡಿಮೆ ಕಂಡರೆ ನಿರಾಶರಾಗಬೇಡಿ.

ಮೂರನೆಯದಾಗಿ, ಸುಲಭದ ಹಂತ ಆರಿಸಿಕೊಳ್ಳಲು ನಾಚಬೇಡಿ. ಮೊದಲ ದಿನವೇ ಮೈಕೈ ನೋಯಿಸಿಕೊಂಡವರು ಮೂರನೇ ದಿನ ಕಾಣಿಸುವುದಿಲ್ಲ. ಕೆಳಮನೆಯವರಿಗೆ ಸದ್ದಾಗದಂತೆ, ಓಟದ ಬದಲು ಮೊಣಕಾಲು ಬಗ್ಗಿಸಿ ಆಡುವ ಅವಕಾಶವೂ ಅದರಲ್ಲಿದೆ. ಗರ್ಭಿಣಿಯರು, ಹೃದಯ ಅಥವಾ ಮೊಣಕಾಲಿನ ತೊಂದರೆಯಿರುವವರು ಮೊದಲು ವೈದ್ಯರನ್ನು ಕೇಳಲಿ.

ನಾಲ್ಕನೆಯದಾಗಿ, ಜೊತೆ ಹುಡುಕಿ. ಮಗಳೊಂದು ಸರದಿ, ನೀವೊಂದು ಸರದಿ. ಅತ್ತೆ ಕುಳಿತು ಅಂಕ ಎಣಿಸಲಿ. ಒಂದು ದಿನ ತಪ್ಪಿದರೆ ಚಿಂತಿಸಬೇಡಿ, ಎರಡನೇ ದಿನ ತಪ್ಪಿಸಬೇಡಿ.

ಇಂತಹ ಯಂತ್ರಗಳು ದುಬಾರಿ, ಎಲ್ಲರ ಕೈಗೆ ಎಟಕುವುದಿಲ್ಲ. ಆದರೆ ಅಂಕ, ಸರದಿ, ದಿನದ ಲೆಕ್ಕ, ಆಟದ ಈ ಗುಟ್ಟುಗಳಿಗೆ ಹಣ ಬೇಕಿಲ್ಲ. ಒಂದು ಸ್ಕಿಪ್ಪಿಂಗ್ ಹಗ್ಗ, ಗೋಡೆಯ ಕ್ಯಾಲೆಂಡರ್, ಒಂದು ಪೆನ್ನು ಸಾಕು. ಆಡಿದ ದಿನಕ್ಕೊಂದು ಗುರುತು ಹಾಕಿ. ತೂಕದ ಮುಳ್ಳು ಬೇಗ ಇಳಿಯದಿರಬಹುದು, ಅದನ್ನೇ ನೋಡುತ್ತಾ ಕೂರಬೇಡಿ. ಮೆಟ್ಟಿಲು ಹತ್ತಿದ ಮೇಲೆ ಉಸಿರು ಹೇಗಿದೆಯೆಂದು ಗಮನಿಸಿ. ನಾನೀಗ ಅದೇ ಎರಡು ಮಹಡಿ ಹತ್ತಿ, ಬಾಗಿಲಲ್ಲೇ ಮಕ್ಕಳ ಹಾಜರಿ ಕರೆಯಲು ಆರಂಭಿಸುತ್ತೇನೆ.