ಆಟದ ಕಂಪನಿಗೇ ಲೆಕ್ಕ ಹೇಳಿಕೊಟ್ಟ ಆಟಗಾರ!

ಸಂಜೆ ಆರೂವರೆ. ದಾವಣಗೆರೆಯ ಬಸ್ ಸ್ಟ್ಯಾಂಡಿನ ಪಕ್ಕದ ಓಣಿ. ಹರಿಹರದ ಬಸ್ಸು ಇನ್ನೂ ಬಂದಿಲ್ಲ. ಮೊಬೈಲ್ ರಿಪೇರಿ ಅಂಗಡಿಯ ಮೆಟ್ಟಿಲ ಮೇಲೆ ನಾಲ್ಕು ಹುಡುಗರು ಕೂತಿದ್ದಾರೆ. ನಡುವೆ ಪೇಪರಿನಲ್ಲಿ ಮಂಡಕ್ಕಿ, ಮೇಲೆ ಎರಡು ಮಿರ್ಚಿ. ಬಾಯಲ್ಲಿ ಮಾತ್ರ ಬೇರೆ ಲೋಕ.

"ಡ್ರೈವರ್ ಹೊಸದು ಹಾಕಿದ್ಯೇನೋ?"

"ಹಾಕ್ದೆ. ಆದ್ರೂ ಐದು ನಿಮಿಷಕ್ಕೊಂದ್ಸಲ ನಿಂತು ಹೋಗುತ್ತೆ."

"ಮೊದ್ಲಿಂದಲೂ ಹಿಂಗೇನಾ, ಇಲ್ಲಾ ಮೊನ್ನೆ ಅಪ್‌ಡೇಟ್ ಬಂದ್ಮೇಲಾ?"

ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಮುಖ ಸಿಂಡರಿಸಿದರು. "ಕೆಲಸವಿಲ್ಲದ ಹುಡುಗ್ರು ಸ್ವಾಮಿ. ಆಟವಂತೆ, ಆಟ!" ಎಂದರು. ಸುಳ್ಳು ಯಾಕೆ ಹೇಳಬೇಕು, ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬಸ್ಸು ತಡವಾಯಿತು. ಕಿವಿ ಅತ್ತ ಹೋಯಿತು. ಕೇಳುತ್ತಾ ಹೋದರೆ ಅದು ಪಕ್ಕಾ ಮೆಕ್ಯಾನಿಕ್ ಶೆಡ್ಡಿನ ಮಾತು! ಗಾಡಿ ಎಲ್ಲಿ ನಿಲ್ಲುತ್ತೆ, ಯಾವಾಗ ನಿಲ್ಲುತ್ತೆ, ಏನು ಬದಲಾಯಿಸಿದ ಮೇಲೆ ನಿಲ್ಲೋಕೆ ಶುರುವಾಯ್ತು ಅಂತ ಒಂದೊಂದೇ ಕೇಳಿ ರೋಗ ಹಿಡಿಯುವ ಕ್ರಮ.

ವಿಷಯ ಇಷ್ಟು. ಒಬ್ಬ ಹುಡುಗ ಅಪ್ಪನ ಅಂಗಡಿಯಲ್ಲಿ ಕೂತು ಕೂಡಿಟ್ಟ ದುಡ್ಡಿನಲ್ಲಿ ಒಂದು ಹೊಸ ಗೇಮು ಕೊಂಡಿದ್ದಾನೆ. ಹತ್ತಿರ ಹತ್ತಿರ ಮೂರು ಸಾವಿರ ರೂಪಾಯಿ. ಅದು ಓಡುತ್ತಿಲ್ಲ. ತಪ್ಪು ತನ್ನ ಹಳೆಯ ಕಂಪ್ಯೂಟರಿನದೋ, ಗೇಮಿನದೋ ಗೊತ್ತಾಗುತ್ತಿಲ್ಲ. ಮನೆಯಲ್ಲಿ ಹೇಳಿದರೆ ಬೈಗುಳ.

ಮೂರು ಸಾವಿರದ ಮಿಕ್ಸಿ ಕೆಟ್ಟು ಬಂದರೆ ನಾವು ಸುಮ್ಮನಿರುತ್ತೇವೆಯೇ? ಅಂಗಡಿ ಮುಂದೆ ನಿಂತು ಗಲಾಟೆ ಮಾಡುತ್ತೇವೆ. ಗೇಮು ಕೆಟ್ಟು ಬಂದರೆ ಮಾತ್ರ ಹುಡುಗನಿಗೇ ಬೈಯುತ್ತೇವೆ. ಇದು ಯಾವ ನ್ಯಾಯ?

ಆರು ನಿಮಿಷದ ಕಥೆ

ಮಾತಿನ ನಡುವೆ ಒಬ್ಬ ಹುಡುಗ ಒಂದು ಕಥೆ ತೆಗೆದ. ಮಂಡಿಪೇಟೆಯ ವರ್ತಕರು ಕೇಳಲೇಬೇಕಾದ ಕಥೆ ಇದು. ಕಟ್ಟು ಕಥೆಯಲ್ಲ, ನಡೆದ ಸಂಗತಿ.

'ಗ್ರಾಂಡ್ ಥೆಫ್ಟ್ ಆಟೋ' ಎಂಬ ಆಟವಿದೆ. ಹುಡುಗರ ಬಾಯಲ್ಲಿ ಜಿ.ಟಿ.ಎ. ಇದರ ಐದನೆಯ ಭಾಗ ಬಂದಿದ್ದು 2013ರಲ್ಲಿ. ಪ್ರಪಂಚದಾದ್ಯಂತ 20 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ತಯಾರಕರು ರಾಕ್‌ಸ್ಟಾರ್ ಕಂಪನಿ. ಇದಕ್ಕೆ ಬೆಂಗಳೂರಿನಲ್ಲೂ ಕಚೇರಿಯಿದೆ. 2019ರಲ್ಲಿ ಅಲ್ಲಿನ ಹಳೆಯ ಗೇಮ್ ಸಂಸ್ಥೆ ಧ್ರುವ ಇಂಟರಾಕ್ಟಿವ್ ಅನ್ನು ಕೊಂಡು ತನ್ನೊಳಗೆ ಸೇರಿಸಿಕೊಂಡಿತು. ಹಾಗಾಗಿ ದೂರದವರ ಸುದ್ದಿ ಅಂತ ತಳ್ಳಿಹಾಕಬೇಡಿ.

ಈ ಆಟದಲ್ಲಿ ಬೇರೆಯವರ ಜೊತೆ ಸೇರಿ ಆಡುವ ಆನ್‌ಲೈನ್ ಭಾಗವೊಂದಿದೆ. ಕಂಪ್ಯೂಟರಿಗೆ ಅದು ಬಂದಿದ್ದು 2015ರ ಏಪ್ರಿಲ್‌ನಲ್ಲಿ. ಅಂದಿನಿಂದ ಒಂದೇ ಗೋಳು. ಬಾಗಿಲು ತೆರೆಯಲು ತಡ. ಒತ್ತಿದ ಮೇಲೆ ನಿಮಿಷಗಟ್ಟಲೆ ಕಾಯಬೇಕು. ಜನ ಬೈದರು, ತಮಾಷೆ ಮಾಡಿದರು, ಕೊನೆಗೆ ಒಗ್ಗಿಹೋದರು. "ದೊಡ್ಡ ಆಟ, ತಡವಾಗುತ್ತೆ ಬಿಡಿ" ಅಂದುಕೊಂಡರು.

ಹೀಗೆ ಸುಮಾರು ಆರು ವರ್ಷ ಕಳೆಯಿತು. 2021ರ ಫೆಬ್ರವರಿ ಕೊನೆಗೆ ಒಬ್ಬ ಆಟಗಾರನಿಗೆ ತಾಳ್ಮೆ ಕೆಟ್ಟಿತು. ಕಂಪನಿಯ ನೌಕರನಲ್ಲ, ಆಡುವವ ಅಷ್ಟೇ. ಅವನ ಕಂಪ್ಯೂಟರಿನಲ್ಲಿ ಆಟ ತೆರೆಯಲು ಆರು ನಿಮಿಷ ಹಿಡಿಯುತ್ತಿತ್ತು. ಅವನು ಕೂತು ನೋಡಿದ. ಇಂಟರ್‌ನೆಟ್ ಸುಮ್ಮನಿದೆ. ಡಿಸ್ಕ್ ಸುಮ್ಮನಿದೆ. ಚಿತ್ರ ಮೂಡಿಸುವ ಕಾರ್ಡೂ ಸುಮ್ಮನಿದೆ. ಪ್ರೊಸೆಸರಿನ ಒಂದೇ ಒಂದು ಭಾಗ ಮಾತ್ರ ಏದುಸಿರು ಬಿಡುತ್ತಾ ದುಡಿಯುತ್ತಿದೆ. ಬಿಲ್ಲು ಬರೆಯುವ ಗುಮಾಸ್ತನೊಬ್ಬ ಬೆವರು ಸುರಿಸುತ್ತಿದ್ದಾನೆ, ಉಳಿದವರೆಲ್ಲ ಬೀಡಿ ಸೇದುತ್ತಾ ಕೂತಿದ್ದಾರೆ ಅಂದ ಹಾಗೆ!

ಆ ಗುಮಾಸ್ತ ಏನು ಮಾಡುತ್ತಿದ್ದಾನೆ? ಕಂಪನಿ ಒಳಗಿನ ಬರಹ ಯಾರಿಗೂ ಕೊಡುವುದಿಲ್ಲ. ಆದರೂ ಆ ಆಟಗಾರ ಓಡುತ್ತಿರುವ ಪ್ರೋಗ್ರಾಮನ್ನೇ ಬಿಚ್ಚಿ ನೋಡಿ ಕಳ್ಳನನ್ನು ಹಿಡಿದ.

ರಿಜಿಸ್ಟರ್ ಎಣಿಸಿದ ಗುಮಾಸ್ತ

ಆಟದೊಳಗೆ ಕಾರು, ಬಟ್ಟೆ, ಬಂದೂಕು ಹೀಗೆ ಮಾರಾಟಕ್ಕಿರುವ ಸರಕಿನ ಪಟ್ಟಿಯೊಂದಿದೆ. ಸುಮಾರು 63 ಸಾವಿರ ಬಾಬತ್ತು. ಗಾತ್ರ 10 ಎಂ.ಬಿ. ಇಂದಿನ ಕಂಪ್ಯೂಟರಿಗೆ ಇದು ಕಡಲೆಕಾಯಿ ಸಮಾನ. ಆದರೆ ಓದುವ ರೀತಿ ಕೆಟ್ಟಿತ್ತು.

ನಿಮ್ಮ ಅಂಗಡಿಯ ಸ್ಟಾಕ್ ರಿಜಿಸ್ಟರ್ ಅಂತಲೇ ಇಟ್ಟುಕೊಳ್ಳಿ. ಗುಮಾಸ್ತನಿಗೆ ಒಂದು ಪಟ್ಟಿ ಕೊಟ್ಟು, "ಇದನ್ನ ಹೊಸ ಪುಸ್ತಕಕ್ಕೆ ಇಳಿಸಪ್ಪ" ಅಂದಿರಿ. ಅವನು ಮೊದಲ ಸಾಲು ಓದುವ ಮುಂಚೆ ಕೊನೆಯ ಹಾಳೆವರೆಗೂ ಹೋಗಿ ಇನ್ನೂ ಎಷ್ಟು ಉಳಿದಿದೆ ಅಂತ ಅಳೆದು ಬರುತ್ತಾನೆ. ಮುಂದಿನ ಮಾತು ಓದುವ ಮುಂಚೆ ಮತ್ತೆ ಕೊನೆವರೆಗೂ ಹೋಗಿ ಬರುತ್ತಾನೆ. ಪ್ರತಿ ಸಲವೂ ಹೀಗೇ! ಇದು ಮೊದಲನೆಯ ಎಡವಟ್ಟು.

ಎರಡನೆಯದು ಇನ್ನೂ ಚೆನ್ನಾಗಿದೆ. ಒಂದು ಬಾಬತ್ತು ಬರೆದುಕೊಳ್ಳುವ ಮುಂಚೆ ಅದು ಮೊದಲೇ ಬರೆದಾಗಿದೆಯೋ ಅಂತ ಪುಸ್ತಕವನ್ನು ತಲೆಯಿಂದ ಕಾಲಿನವರೆಗೆ ಹುಡುಕುತ್ತಾನೆ. ಎರಡನೆಯ ಬಾಬತ್ತಿಗೆ ಒಂದು ಸಾಲು ನೋಡಿದರಾಯಿತು. ಸಾವಿರನೆಯದಕ್ಕೆ 999. ಅರವತ್ತು ಸಾವಿರನೆಯದಕ್ಕೆ? ಯಾವ ಸರಕೂ ಎರಡು ಸಲ ಬರದಿದ್ದರೆ ಒಟ್ಟು ಹೋಲಿಕೆ ಸುಮಾರು 198 ಕೋಟಿ! ಗುಮಾಸ್ತ ಬೆವರದೆ ಇರುತ್ತಾನೆಯೇ?

ಮದ್ದು ತೀರಾ ಸರಳ. ಒಂದು ಸಲ ಅಳೆದದ್ದನ್ನು ನೆನಪಿಟ್ಟುಕೋ, ಮತ್ತೆ ಮತ್ತೆ ಅಳೆಯಬೇಡ. ಸುಮ್ಮನೆ ಹೋಲಿಸಬೇಡ, ನೇರ ಬರೆದುಕೋ. ಇವೆರಡನ್ನೂ ಆ ಆಟಗಾರ ತಾನೇ ತೇಪೆ ಹಾಕಿ ನೋಡಿದ. ಆರು ನಿಮಿಷದ ಕಾಯುವಿಕೆ ಒಂದು ನಿಮಿಷ 50 ಸೆಕೆಂಡಿಗೆ ಇಳಿಯಿತು!

ಅವನು ಮುಚ್ಚಿಡಲಿಲ್ಲ. ಎಲ್ಲವನ್ನೂ ಬರೆದು ಜಗಜ್ಜಾಹೀರು ಮಾಡಿದ. ಎರಡು ವಾರ ಕಳೆಯುವಷ್ಟರಲ್ಲಿ ಕಂಪನಿ ಒಪ್ಪಿಕೊಂಡಿತು. 2021ರ ಮಾರ್ಚ್ 16ರ ಅಪ್‌ಡೇಟಿನಲ್ಲಿ ಅದೇ ದುರಸ್ತಿ ಬಂತು. ಆತನಿಗೆ 10 ಸಾವಿರ ಡಾಲರ್ ಇನಾಮು. ಆಗಿನ ಲೆಕ್ಕದಲ್ಲಿ ಏಳು ಲಕ್ಷ ರೂಪಾಯಿಗೂ ಮೇಲೆ.

ಇಲ್ಲಿ ನಗು ಬರುವ ಸಂಗತಿ ಗಮನಿಸಿದಿರಾ? ಆ ಪಟ್ಟಿ ಕಂಪನಿಯ ಸರಕಿನ ಪಟ್ಟಿ. ಗಿರಾಕಿಗೆ ಏನೇನು ಮಾರಬಹುದು ಅಂತ ಎಣಿಸುತ್ತಾ ಗಿರಾಕಿಯನ್ನೇ ಬಾಗಿಲ ಹೊರಗೆ ನಿಲ್ಲಿಸಿದ್ದರು. ಯಾವ ವರ್ತಕ ಮಾಡುತ್ತಾನೆ ಹೇಳಿ!

ಪೋಲೆಂಡಿನ ಸರಕು

"ಇದು ಬರೀ ತಡ ಅಣ್ಣಾ. ಅರ್ಧಂಬರ್ಧ ಬೆಂದಿದ್ದನ್ನೇ ಬಡಿಸಿದವರೂ ಇದ್ದಾರೆ" ಎಂದ ಇನ್ನೊಬ್ಬ. ಹೇಳಿದ್ದು ಪೋಲೆಂಡಿನ ಸಿ.ಡಿ. ಪ್ರೊಜೆಕ್ಟ್ ಕಂಪನಿಯ 'ಸೈಬರ್‌ಪಂಕ್ 2077' ಬಗ್ಗೆ.

ನಾಳೆ, ನಾಡಿದ್ದು ಅಂತ ದಿನಾಂಕ ಮುಂದೂಡುತ್ತಾ ಬಂದು 2020ರ ಡಿಸೆಂಬರ್ 10ರಂದು ಅದು ಹೊರಬಂತು. ಕೊಂಡವರು ಕೋಟಿಗೂ ಹೆಚ್ಚು. ಹಳೆಯ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಯಂತ್ರಗಳಲ್ಲಿ ಹಾಕಿದವರಿಗೆ ಮಾತ್ರ ಕಣ್ಣೀರು. ಆಟ ನಡುವೆ ನಿಂತಿತು, ಚಿತ್ರ ಕಲಸಿತು. ನಾಲ್ಕೇ ದಿನಕ್ಕೆ ಕಂಪನಿ ಕ್ಷಮೆ ಕೇಳಿತು. ಹಳೆಯ ಯಂತ್ರಗಳಲ್ಲಿ ಆಟ ಹೇಗೆ ಓಡುತ್ತದೆ ಅಂತ ಮೊದಲೇ ತೋರಿಸಲಿಲ್ಲ ಎಂದು ಒಪ್ಪಿಕೊಂಡಿತು. ಬೇಡ ಅಂದವರಿಗೆ ಹಣ ವಾಪಸ್ ಅಂದಿತು. ಸೋನಿ ಕಂಪನಿಯಂತೂ ವಾರ ಕಳೆಯುತ್ತಲೇ ತನ್ನ ಆನ್‌ಲೈನ್ ಅಂಗಡಿಯಿಂದ ಆ ಸರಕನ್ನೇ ಕೆಳಗಿಳಿಸಿತು. ಮತ್ತೆ ಕಪಾಟಿಗೆ ಬಂದಿದ್ದು 2021ರ ಜೂನ್‌ನಲ್ಲಿ.

ಕಂಪ್ಯೂಟರಿನಲ್ಲಿ ಆಡಿದವರಿಗೆ ಬೇರೆ ಶನಿ. ಎಲ್ಲಿಯವರೆಗೆ ಆಡಿದೆ ಎಂಬ ದಾಖಲೆ ಒಂದು ಫೈಲಿನಲ್ಲಿ ಉಳಿಯುತ್ತದೆ. ಅದು 8 ಎಂ.ಬಿ. ಮೀರಿದರೆ ಕೆಟ್ಟುಹೋಗುತ್ತಿತ್ತು! ಆಟದೊಳಗೆ ಸಾಮಾನು ಹೆಚ್ಚು ಕೂಡಿಟ್ಟಷ್ಟೂ ಫೈಲು ಉಬ್ಬುತ್ತದೆ. ಮೊದಮೊದಲು ಬಂದ ಸಲಹೆ ಏನು ಗೊತ್ತೇ? ಸಾಮಾನು ಕಡಿಮೆ ಇಟ್ಟುಕೊಳ್ಳಿ ಅಂತ! ಡಿಸೆಂಬರ್ 23ರ ದುರಸ್ತಿಯಲ್ಲಿ ಆ ಮಿತಿ ತೆಗೆದರು. ಅಷ್ಟರಲ್ಲಿ ಕೆಟ್ಟ ಫೈಲುಗಳು ಮಾತ್ರ ಕೆಟ್ಟವೇ. ಹತ್ತಾರು ತಾಸಿನ ಆಟ ನೀರಲ್ಲಿ ಹೋಮ.

ನ್ಯಾಯವಾಗಿ ಇದನ್ನೂ ಹೇಳಬೇಕು. ಕಂಪನಿ ಕೈ ಕಟ್ಟಿ ಕೂರಲಿಲ್ಲ. ದುರಸ್ತಿ ಮೇಲೆ ದುರಸ್ತಿ ಮಾಡಿತು. 2023ರ ಸೆಪ್ಟೆಂಬರ್‌ನ ದೊಡ್ಡ ಅಪ್‌ಡೇಟ್ ಬಂದ ಮೇಲೆ ಬೈದವರೇ ಹೊಗಳಿದರು. ಆದರೆ ಮೊದಲ ದಿನ ಪೂರ್ತಿ ದುಡ್ಡು ಕೊಟ್ಟವನು ಮೂರು ವರ್ಷ ಕಾಯಬೇಕಿತ್ತೇ?

ಕೊಂಡ ಮೇಲೂ ನಮ್ಮದಲ್ಲ!

ಇನ್ನೊಂದು ಕಥೆ ಇದಕ್ಕಿಂತ ಕಹಿ. ಯೂಬಿಸಾಫ್ಟ್ ಎಂಬ ಫ್ರಾನ್ಸಿನ ಕಂಪನಿ 2014ರಲ್ಲಿ 'ದಿ ಕ್ರೂ' ಎಂಬ ಕಾರ್ ರೇಸಿನ ಆಟ ಮಾರಿತು. ಅದು ಕಂಪನಿಯ ಸರ್ವರ್ ಇಲ್ಲದೆ ಓಡುವುದಿಲ್ಲ. 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್. ದುಡ್ಡು ಕೊಟ್ಟು ಕೊಂಡವರ ಮನೆಯಲ್ಲಿ ಡಿಸ್ಕ್ ಇದೆ, ಆಟ ಇಲ್ಲ!

ಆಟಗಾರರು ಸುಮ್ಮನಿರಲಿಲ್ಲ. ಮಾರಿದ ಆಟವನ್ನು ಕೊಲ್ಲಬೇಡಿ ಅಂತ ಯುರೋಪಿನಲ್ಲಿ ಸಹಿ ಸಂಗ್ರಹಕ್ಕೆ ಇಳಿದರು. 2025ರ ಜುಲೈನಲ್ಲಿ ಸಹಿ 10 ಲಕ್ಷ ದಾಟಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಹೊಸ ಕಾನೂನೇ ಬಂತು. ಡಿಜಿಟಲ್ ಸರಕು ಮಾರುವವರು, ಇದು ನಿಮ್ಮ ಸ್ವಂತದ್ದಾಗುವುದಿಲ್ಲ, ಬಳಸಲು ಪರವಾನಗಿ ಮಾತ್ರ ಅಂತ ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕು. "ಕೆಲಸವಿಲ್ಲದ ಹುಡುಗರು" ಅಂದೆವಲ್ಲ, ಅಂಥವರು ಎತ್ತಿದ ಪ್ರಶ್ನೆ ಇದು.

ನಮ್ಮ ಗಿರಾಕಿಗೆ ದಾರಿ ಏನು?

ಮಕ್ಕಳಿಗೆ ಗೇಮು ಕೊಡಿಸುವ ಅಪ್ಪಂದಿರೂ, ಸ್ವಂತ ದುಡ್ಡಲ್ಲಿ ಕೊಳ್ಳುವ ಹುಡುಗರೂ ಇಷ್ಟು ತಿಳಿದಿರಲಿ.

ಒಂದು, ಮೊದಲ ದಿನವೇ ಮುಗಿಬೀಳಬೇಡಿ. ಒಂದು ವಾರ ಬಿಡಿ. ನಿಮ್ಮಂಥದೇ ಯಂತ್ರವಿದ್ದವರು ಏನಂತಾರೆ ಕೇಳಿ.

ಎರಡು, ಹಣ ವಾಪಸಿನ ನಿಯಮ ಕೊಳ್ಳುವ ಮುಂಚೆಯೇ ಓದಿ. ಕಂಪ್ಯೂಟರ್ ಗೇಮಿನ ದೊಡ್ಡ ಅಂಗಡಿಯಾದ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು 2 ತಾಸಿಗಿಂತ ಕಡಿಮೆಯಿದ್ದರೆ ವಾಪಸ್ ಕೇಳಬಹುದು. ನೆನಪಿರಲಿ, ರಿಪೇರಿ ಮಾಡಲೆಂದು ಆಟ ತೆರೆದಿಟ್ಟ ಹೊತ್ತೂ ಆಡಿದ ಲೆಕ್ಕಕ್ಕೇ ಸೇರುತ್ತದೆ.

ಮೂರು, ರಸೀದಿ, ದೋಷ ಕಾಣುವ ಸ್ಕ್ರೀನ್‌ಶಾಟ್, ಕಂಪನಿಗೆ ಬರೆದ ಪತ್ರ ಎಲ್ಲ ಎತ್ತಿಡಿ. ಮಾರಿದವರು ಕಿವಿಗೆ ಹಾಕಿಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ.

ನಾಲ್ಕು, "ಈ ಫೈಲ್ ಹಾಕಿ, ಗೇಮು ಸರಿಹೋಗುತ್ತೆ" ಅಂತ ಗುರುತಿಲ್ಲದವರು ಕಳಿಸಿದ್ದನ್ನು ಹಾಕಬೇಡಿ. ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕಿನ ಲೆಕ್ಕವೂ ಇದೆ.

ಮೆಟ್ಟಿಲ ಮೇಲಿನ ತೀರ್ಪು

ಮತ್ತೆ ನಮ್ಮ ಹುಡುಗನ ಕಡೆ ಬರೋಣ. ಗೆಳೆಯರು ಎಲ್ಲ ಕೇಳಿದರು. ಕಾರ್ಡ್ ಯಾವುದು, ಜಾಗ ಎಷ್ಟು ಖಾಲಿ, ಫೈಲುಗಳನ್ನ ಪರೀಕ್ಷೆ ಮಾಡಿಸಿದ್ಯಾ? ಎಲ್ಲ ಸರಿಯಿತ್ತು. ಅಷ್ಟರಲ್ಲಿ ಒಬ್ಬ ಫೋನಿನಲ್ಲಿ ನೋಡಿ ಹೇಳಿದ, "ಲೋ, ಹೊಸ ಕಂಪ್ಯೂಟರ್ ಇರೋರಿಗೂ ಅದೇ ಜಾಗದಲ್ಲಿ ನಿಲ್ತಿದೆಯಂತೆ. ನಿಂದಲ್ಲ ತಪ್ಪು."

"ಎಷ್ಟು ಹೊತ್ತು ಆಡಿದ್ಯೋ?"

"ಒಂದು ಗಂಟೆ ಇಪ್ಪತ್ತು ನಿಮಿಷ."

"ಹಂಗಾದ್ರೆ ಇನ್ನೊಂದ್ಸಲ ಓಪನ್ ಮಾಡ್ಬೇಡ! ಇವತ್ತೇ ದುಡ್ಡು ವಾಪಸ್ ಕೇಳು."

ಹುಡುಗನ ಮುಖದಲ್ಲಿ ಮೊದಲ ಸಲ ಗೆಲುವು ಕಂಡಿತು. ದುಡ್ಡು ಬರುತ್ತದೆ ಅಂತಲ್ಲ. "ನಿಂದಲ್ಲ ತಪ್ಪು" ಅಂದರಲ್ಲ, ಅದಕ್ಕೆ.

ನಾಲ್ಕು ದಿನ ಬಿಟ್ಟು ಅದೇ ಓಣಿಯಲ್ಲಿ ಸಿಕ್ಕ. ಮಿರ್ಚಿ ಅವನದೇ ಖರ್ಚಿನಲ್ಲಿ! "ದುಡ್ಡು ಬಂತು ಸಾರ್. ಅವರು ಸರಿಮಾಡಿದ್ಮೇಲೆ ಮತ್ತೆ ತಗೋತೀನಿ. ಆಟ ಚೆನ್ನಾಗೇ ಇದೆ" ಎಂದ. ಕೆಟ್ಟ ಸರಕು ಕೊಟ್ಟವರ ಮೇಲೂ ಹಗೆಯಿಲ್ಲ. ಇಂಥ ಗಿರಾಕಿ ಸಿಕ್ಕರೆ ಯಾವ ಅಂಗಡಿಯವನು ಪುಣ್ಯವಂತನಲ್ಲ?

ಮುಖ ಸಿಂಡರಿಸಿದ್ದ ಹಿರಿಯರೂ ಅಲ್ಲೇ ಬಸ್ಸಿಗೆ ಕಾಯುತ್ತಿದ್ದರು. ಆರು ನಿಮಿಷದ ಕಥೆ ಅವರ ಮನಸ್ಸಿಗೆ ನಾಟಿತ್ತು ಅಂತ ಕಾಣುತ್ತದೆ. "ಬೆಳಿಗ್ಗೆ ಕೌಂಟರಿನಲ್ಲಿ ಒಂದು ತಾಸು ನಿಲ್ಸಿದ್ರು ಸ್ವಾಮಿ. ಕೇಳಿದ್ರೆ 'ಸಿಸ್ಟಮ್ ಸ್ಲೋ' ಅಂದ್ರು. ನಾವೆಲ್ಲ ಸುಮ್ನೆ ನಿಂತ್ವಿ" ಎಂದರು. ಆಮೇಲೆ ಮೆಟ್ಟಿಲ ಕಡೆ ತಿರುಗಿ, "ಏನಪ್ಪಾ, ಅಲ್ಲೂ ಯಾವನೋ ಗುಮಾಸ್ತ ರಿಜಿಸ್ಟರ್ ಎಣಿಸ್ತಿರಬಹುದಾ?" ಅಂತ ಕೇಳಿದರು.

"ಇರಬಹುದು ಅಜ್ಜಾ. ಯಾರಾದ್ರೂ ಬಿಚ್ಚಿ ನೋಡ್ಬೇಕು" ಎಂದ ಹುಡುಗ.

ಅಷ್ಟರಲ್ಲಿ ಹರಿಹರದ ಬಸ್ಸು ಬಂತು. ಅದೂ ತಡವಾಗಿಯೇ.