ಸಿದ್ದಿಗಳಿಗೆ ಕ್ಷಮೆ ಕೇಳಬೇಕಾದವರು ಯಾರು?

ಹುಬ್ಬಳ್ಳಿಯಿಂದ ಕಲಘಟಗಿ ದಾಟಿ ಯಲ್ಲಾಪುರದ ಕಡೆ ಹೊರಟರೆ ಹೊಲಗಳು ಕಡಿಮೆಯಾಗಿ ಕಾಡು ಶುರುವಾಗುತ್ತದೆ. ಈ ತಾಲೂಕಿನ ಕಾಡಂಚಿನ ಕೆಲವು ಹಳ್ಳಿಗಳಲ್ಲಿ ಸಿದ್ದಿ ಕುಟುಂಬಗಳಿವೆ. ಕೂಲಿ, ತುಂಡು ಹೊಲ, ಮಳೆಗಾಲದ ಚಿಂತೆ ಎಲ್ಲವೂ ಸುತ್ತಲಿನ ಹಳ್ಳಿಗರದ್ದೇ. ಹೊರಗೆ ಕನ್ನಡ, ಹಲವರ ಮನೆಯೊಳಗೆ ಕೊಂಕಣಿ. ಆದರೂ ಪೇಟೆಗೆ ಬಂದರೆ ಜನ ಕೇಳೋದು ಒಂದೇ ಪ್ರಶ್ನೆ: "ನೀವು ಯಾವ ದೇಶದವ್ರು?"

ಇವರ ಪೂರ್ವಜರು ತಾವಾಗಿ ಬಂದವರಲ್ಲ. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ಗೋವಾಕ್ಕೆ ತಂದು ಮಾರಿದ ಗುಲಾಮರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಸಿದ್ದಿಗಳ ಮೂಲ ಆಫ್ರಿಕಾ ಅನ್ನೋದನ್ನ 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೂ ದೃಢಪಡಿಸಿದೆ.

ಇದನ್ನೆಲ್ಲ ಈಗ ಯಾಕೆ ಎತ್ತುತ್ತೀನಿ ಅಂದರೆ, ಗುಲಾಮಗಿರಿಗೆ ಕ್ಷಮೆ ಮತ್ತು ಪರಿಹಾರದ ಚರ್ಚೆ ಜಗತ್ತಿನಲ್ಲಿ ಜೋರಾಗಿದೆ. ಅದರಲ್ಲಿ ನಮ್ಮ ಜಿಲ್ಲೆಯ ಹೆಸರು ಮಾತ್ರ ಕೇಳಿಸುವುದಿಲ್ಲ.

ಕ್ಷಮೆ ಒಬ್ಬರಿಗೆ, ಹಣ ಇನ್ನೊಬ್ಬರಿಗೆ

1833ರ ಕಾಯ್ದೆಯಿಂದ ಗುಲಾಮಗಿರಿ ನಿಲ್ಲಿಸಿದ ಬ್ರಿಟನ್ 2 ಕೋಟಿ ಪೌಂಡ್ ಪರಿಹಾರ ತೆಗೆದಿಟ್ಟಿತು. ಆದರೆ ಅದು ಹೋದದ್ದು ಮಾಲೀಕರ ಕೈಗೆ. ದುಡಿದು ಸವೆದವರಿಗೆ ಬಿಡಿಗಾಸೂ ಸಿಗಲಿಲ್ಲ. ಅದಕ್ಕಾಗಿ ಮಾಡಿದ ಸಾಲವನ್ನು ಬ್ರಿಟಿಷ್ ಖಜಾನೆ ಪೂರ್ತಿ ತೀರಿಸಿದ್ದು 2015ರಲ್ಲಿ! ಹಾಗಾಗಿ "ಅದೆಲ್ಲ ಹಳೇ ಕಥೆ ಬಿಡ್ರಿ" ಅನ್ನುವ ವಾದ ನನಗೆ ಒಪ್ಪಿಗೆಯಾಗುವುದಿಲ್ಲ.

ನೆದರ್ಲೆಂಡ್ಸ್ ಪ್ರಧಾನಿ 2022ರ ಡಿಸೆಂಬರಿನಲ್ಲಿ, ಅಲ್ಲಿನ ರಾಜ 2023ರ ಜುಲೈನಲ್ಲಿ ಕ್ಷಮೆ ಕೇಳಿದರು. 2024ರ ಏಪ್ರಿಲಿನಲ್ಲಿ ಪೋರ್ಚುಗಲ್ ಅಧ್ಯಕ್ಷ ಮಾರ್ಸೆಲೊ ರೆಬೆಲೊ ಡಿ ಸೌಸಾ, ಹಳೆಯ ತಪ್ಪುಗಳ ಹೊಣೆ ತಮ್ಮ ದೇಶದ್ದು, ಅದರ ಬೆಲೆಯನ್ನೂ ತೆರಬೇಕು ಅಂದರು. ಕೆಲವೇ ದಿನಗಳಲ್ಲಿ ಅಲ್ಲಿನ ಸರ್ಕಾರ, ಅಂಥ ಪರಿಹಾರದ ಯೋಜನೆ ಏನೂ ಇಲ್ಲವೆಂದು ಕೈತೊಳೆದುಕೊಂಡಿತು.

ಗಡಿಯ ಆಚೆ, ಈಚೆ

ಲಿಸ್ಬನ್‌ನ ಮಾತು ಅಲ್ಲಿರಲಿ. ಕಲಘಟಗಿಗೆ ಹೊಂದಿಕೊಂಡೇ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳಿವೆ. ಅವು ಉತ್ತರ ಕನ್ನಡ ಜಿಲ್ಲೆಯವು. ಅಲ್ಲಿನ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳಿಗೆ ಸಿಕ್ಕಿದ್ದು 2020ರ ತಿದ್ದುಪಡಿಯಿಂದ. ಒಂದೇ ಸಮುದಾಯ, ಒಂದೇ ಚರಿತ್ರೆ, ನಡುವೆ ಜಿಲ್ಲಾ ಗಡಿಯ ಒಂದು ಗೆರೆ. ಅದಕ್ಕೆ ತೆತ್ತ ಬೆಲೆ 17 ವರ್ಷ.

ಈ 17 ವರ್ಷದಲ್ಲಿ ಹೋದದ್ದು ಬರೀ ನೌಕರಿ ಮೀಸಲಾತಿಯಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯನ್ನೇ ನೋಡಿ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ಅರಣ್ಯಭೂಮಿ ತಮ್ಮ ಸ್ವಾಧೀನದಲ್ಲಿದೆ ಎಂದು ತೋರಿಸಿದರೆ ಸಾಕು. ಉಳಿದವರು ಆ ದಿನಕ್ಕೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ನೆಲೆಸಿದ್ದಕ್ಕೆ ಪುರಾವೆ ಕೊಡಬೇಕು. ಮಾಲೀಕನ ಕಣ್ಣು ತಪ್ಪಿಸಿ, ಯಾವ ದಫ್ತರಕ್ಕೂ ಸಿಗದಂತೆ ಕಾಡಿನಲ್ಲಿ ಅಡಗಿ ಬದುಕಿದವರ ಮೊಮ್ಮಕ್ಕಳು ಎಲ್ಲಿಂದ ತರಬೇಕು ಕಾಗದಪತ್ರ?

ನಮ್ಮ ಪಾಲಿನ ಲೆಕ್ಕ

ಆಫ್ರಿಕಾದ ಜನರನ್ನು ಕೊಂಡವರು ಪೋರ್ಚುಗೀಸರಷ್ಟೇ ಅಲ್ಲ. ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲೂ ಹಬ್ಶಿ ಗುಲಾಮರಿದ್ದರು. ಇಖ್ಲಾಸ್ ಖಾನನಂಥವರು ಪ್ರಧಾನಮಂತ್ರಿ ಪದವಿಗೆ ಏರಿದ್ದೂ ಉಂಟು, ಆದರೆ ಅಂಥವರು ಬೆರಳೆಣಿಕೆ. ಇನ್ನು ಜೀತವನ್ನು ನಾವು ಕಾಯ್ದೆ ಮಾಡಿ ರದ್ದುಪಡಿಸಿದ್ದು 1976ರಲ್ಲಿ. ಆದ್ದರಿಂದ ಬೆರಳನ್ನು ಬರೀ ಯುರೋಪಿನ ಕಡೆ ತೋರಿಸಿ ಸುಮ್ಮನಾಗುವ ಹಾಗಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರೆ. ಪರಿಹಾರ ಬೇಡ ಅನ್ನುವವರೂ ಇದೇ ಗಾದೆ ಹೇಳಬಹುದು. ಆದರೆ ಮಾನ ವಾಪಸ್ ಕೊಡೋಕೆ ಆಗದು ಅಂತ ಹೊಲ ಕೊಡದೇ ಇರೋದು ಯಾವ ನ್ಯಾಯ?

2020ರಲ್ಲೇ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ರಾಜ್ಯದ ಶಾಸನಸಭೆಯಲ್ಲಿ ಕೂತ ಮೊದಲ ಸಿದ್ದಿ ಅವರು. ಒಳ್ಳೆಯ ಸುದ್ದಿ, ಆದರೆ ಒಂದು ಕುರ್ಚಿಯಿಂದ ಲೆಕ್ಕ ಚುಕ್ತಾ ಆಗುವುದಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಪಂಗಡದ ಸ್ಥಾನ ಇಲ್ಲದ ಆ ವರ್ಷಗಳಲ್ಲಿ 75 ವರ್ಷದ ಪುರಾವೆ ಇಲ್ಲವೆಂದು ತಿರಸ್ಕೃತವಾದ ಸಿದ್ದಿಗಳ ಅರ್ಜಿ ಎಷ್ಟಿದ್ದರೂ ಅವನ್ನು ಮತ್ತೆ ತೆರೆದು ನೋಡಬೇಕು. ಹೈಸ್ಕೂಲ್ ಇತಿಹಾಸದ ಪಾಠದಲ್ಲಿ ಅಮೆರಿಕದ ಗುಲಾಮಗಿರಿಯ ಪಕ್ಕದಲ್ಲೇ ಕಲಘಟಗಿಯ ಹೆಸರೂ ಬರಬೇಕು. ಲಿಸ್ಬನ್ನಿನ ಕ್ಷಮೆ ಯಾವಾಗ ಬರುತ್ತೋ ಬರಲಿ. ಈ ಎರಡು ಕೆಲಸಕ್ಕೆ ಧಾರವಾಡ, ಬೆಂಗಳೂರುಗಳ ಕಚೇರಿಗಳೇ ಸಾಕು.