ನಿಮಗಿದು ಗೊತ್ತೇ? ಪುಟ ಬಿಟ್ಟು ಬೆರಳಿಗೆ ಬಂದ ಗ್ರಾಫಿಕ್ಸ್

◆ ಪತ್ರಿಕೆಯಲ್ಲಿ ಹವಾಮಾನ ನಕ್ಷೆ ಮೊದಲು ಅಚ್ಚಾದದ್ದು 1875ರ ಏಪ್ರಿಲ್ 1ರಂದು, ಲಂಡನ್ನಿನ ‘ದಿ ಟೈಮ್ಸ್’ನಲ್ಲಿ. ತಯಾರಿಸಿದವರು ಫ್ರಾನ್ಸಿಸ್ ಗಾಲ್ಟನ್. ಅದರಲ್ಲಿದ್ದದ್ದು ಹಿಂದಿನ ದಿನದ ಹವೆ! ನಿನ್ನೆ ಕೊಡೆ ಒಯ್ಯಬೇಕಿತ್ತೇ ಎಂಬುದು ಇವತ್ತು ತಿಳಿಯುತ್ತಿತ್ತು.

◆ ‘ಯುಎಸ್‌ಎ ಟುಡೇ’ 1982ರಲ್ಲಿ ಶುರುವಾದಾಗ ಹವಾಮಾನಕ್ಕೇ ಒಂದಿಡೀ ಬಣ್ಣದ ಪುಟ ಕೊಟ್ಟಿತು. ಬರ್ಗರ್ ಅಂಗಡಿಗೆ ಹೋಲಿಸಿ ‘ಮ್ಯಾಕ್‌ಪೇಪರ್’ ಎಂದು ಹಂಗಿಸಿದ ಹಳೇ ಪತ್ರಿಕೆಗಳೇ ಆಮೇಲೆ ಬಣ್ಣದ ನಕ್ಷೆ ಹಾಕತೊಡಗಿದವು.

◆ ಪುಟವೇ ಇಲ್ಲವಾದದ್ದೂ ಉಂಟು: 1703ರಲ್ಲಿ ಹುಟ್ಟಿದ ವಿಯೆನ್ನಾದ ‘ವೀನರ್ ತ್ಸೈಟುಂಗ್’ ಪತ್ರಿಕೆ ದಿನವೂ ಅಚ್ಚಾಗುವುದು 2023ರ ಜೂನ್ 30ಕ್ಕೆ ನಿಂತಿತು.

◆ 2013ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಜಾಲತಾಣದಲ್ಲಿ ಜನ ಅತಿ ಹೆಚ್ಚು ನೋಡಿದ್ದು ಯಾವ ವರದಿಯನ್ನೂ ಅಲ್ಲ, ಒಂದು ನಕ್ಷೆಯಾಟವನ್ನು. ನೀವು ಮಾತಾಡುವ ಬಗೆಯ ಕುರಿತು ಪ್ರಶ್ನೆ ಕೇಳಿ, ಅಮೆರಿಕದ ಯಾವ ಕಡೆಯವರೆಂದು ಅದು ಹೇಳುತ್ತಿತ್ತು. ಬಂದದ್ದು ಡಿಸೆಂಬರ್ 21ಕ್ಕೆ. ಹನ್ನೊಂದೇ ದಿನದಲ್ಲಿ ವರ್ಷವಿಡೀ ಬರೆದವರನ್ನೆಲ್ಲ ಹಿಂದೆ ಹಾಕಿತು. ನಮ್ಮ ಧಾರವಾಡ, ಮಂಗಳೂರು, ಮಂಡ್ಯದ ಮಾತಿಗೆ ಇಂಥದ್ದೊಂದನ್ನು ಯಾರಾದರೂ ಮಾಡಬಾರದೇ?

◆ ಹಾಗೆಂದು ಓದುಗರಿಗೆ ಒತ್ತುವ ಚಪಲವೇನೂ ಇಲ್ಲ. ಅದೇ ಪತ್ರಿಕೆಯ ಆರ್ಚಿ ತ್ಸೆ 2016ರಲ್ಲೇ ಹೇಳಿದ್ದರು: ಹೆಚ್ಚಿನವರು ಸುಮ್ಮನೆ ಕೆಳಕ್ಕೆ ಜಾರಿಸುತ್ತಾರೆ, ಗುಂಡಿ ಒತ್ತುವುದಿಲ್ಲ. ಸ್ಕ್ರೋಲ್ ಮಾಡಿದಂತೆ ತಾನೇ ಬಿಚ್ಚಿಕೊಳ್ಳುವ ಚಿತ್ರಗಳು ಹೆಚ್ಚಿದ್ದು ಇದಕ್ಕೇ.

◆ ಕಾಗದದ ತಾಕತ್ತು ಅದರ ಅಳತೆ. ಅಮೆರಿಕದಲ್ಲಿ ಒಂದೇ ವಾರ ಸುಮಾರು 33 ಲಕ್ಷ ಮಂದಿ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದಾಗ, 2020ರ ಮಾರ್ಚ್ 27ರ ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದ ಬಲ ಅಂಚಿನಲ್ಲಿ ಗ್ರಾಫು ಪುಟದುದ್ದಕ್ಕೂ ಎದ್ದು ನಿಂತಿತು. ಅದುವರೆಗಿನ ದಾಖಲೆ 1982ರದು: 6.95 ಲಕ್ಷ. ಅಂಗೈಯಗಲದ ಮೊಬೈಲ್‌ನಲ್ಲಿ ಅದನ್ನು ತೋರಿಸಿ ನೋಡೋಣ!

◆ ಕಾಗದ ಹರಿಯುತ್ತದೆ, ಡಿಜಿಟಲ್ ಉಳಿಯುತ್ತದೆ ಎಂದುಕೊಂಡಿರಾ? 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ‘ಫ್ಲ್ಯಾಶ್’ಗೆ ಬೆಂಬಲ ನಿಲ್ಲಿಸಿತು. ಆ ತಂತ್ರಾಂಶದಲ್ಲಿ ವರ್ಷಗಟ್ಟಲೆ ಮಾಡಿಟ್ಟ ಸುದ್ದಿಚಿತ್ರಗಳ ಜಾಗದಲ್ಲಿ ಬೂದು ಚೌಕ ಉಳಿಯಿತು. ‘ರಫಲ್’ ಎಂಬ ಉಚಿತ ತಂತ್ರಾಂಶ ಒಂದಷ್ಟಕ್ಕೆ ಮರುಜೀವ ಕೊಟ್ಟಿದೆ. 1786ರಲ್ಲಿ ವಿಲಿಯಂ ಪ್ಲೇಫೇರ್ ಬಾರ್ ಚಾರ್ಟ್ ಅಚ್ಚು ಹಾಕಿಸಿದ ಪುಸ್ತಕವನ್ನು ಮಾತ್ರ ಈಗಲೂ ಕೈಯಲ್ಲೇ ಬಿಡಿಸಬಹುದು. (ಆ ಚಾರ್ಟ್ ಹುಟ್ಟಿದ್ದೂ ಲೆಕ್ಕ ಸಾಲದೆ: ಸ್ಕಾಟ್ಲೆಂಡಿನ ವ್ಯಾಪಾರದ ಒಂದೇ ವರ್ಷದ ಅಂಕಿ ಸಿಕ್ಕಿತ್ತು, ಗೆರೆ ಎಳೆಯಲು ಅದು ಸಾಲದು.)

◆ ಕನ್ನಡದ ಪಾಡೇ ಬೇರೆ. ಎಷ್ಟೋ ಗ್ರಾಫಿಕ್ಸ್ ತಂತ್ರಾಂಶಗಳಿಗೆ ಒತ್ತಕ್ಷರವೆಂದರೆ ತಲೆನೋವು. ಜಿಲ್ಲಾ ನಕ್ಷೆ ಮಾಡಲು ಕೂತರೆ ‘ಚಿಕ್ಕಮಗಳೂರು’ ಹೋಗಿ ‘ಚಿಕ್‌ಕಮಗಳೂರು’. ‘ಉಷ್ಣಾಂಶ’ ಎಂದು ಬೆರಳಚ್ಚಿಸಿದರೆ ‘ಉಷ್‌ಣಾಂಶ’. ನಾನೂ ಒಂದು ಸಂಜೆಯಿಡೀ ಆ ಒತ್ತಕ್ಷರದ ಹಿಂದೆ ಬಿದ್ದಿದ್ದೇನೆ. ಇನ್ನು ಯುನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಪುಟಕ್ಕೆ ಮಾಡಿದ್ದನ್ನು ವೆಬ್‌ಗೆ ಅಂಟಿಸಿದರೆ, ತಲೆಯ ಮೇಲೆ ಗೆರೆ ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಕೊನೆಗೆ ಎಲ್ಲರೂ ಮಾಡುವುದು ಒಂದೇ ಉಪಾಯ: ಅಕ್ಷರವನ್ನೂ ಚಿತ್ರವಾಗಿಸಿ ಸೇವ್ ಮಾಡುವುದು. ನೋಡಲು ಚೆಂದ. ಆದರೆ ಜೊತೆಗೆ ವಿವರಣೆ ಬರೆದಿಡದಿದ್ದರೆ, ಅಂಧರ ಸ್ಕ್ರೀನ್ ರೀಡರ್ ಅದರ ಮುಂದೆ ಬಂದಾಗ ಹೇಳುವುದು ಇಷ್ಟೇ: ‘ಚಿತ್ರ’.